ತೆಂಕು ಬದಿಯ ಕಪಾಟು

ಈಗ ನಮ್ಮ ಆಫೀಸಿನಲ್ಲಿ ಬದುಕಿರುವವರೆಲ್ಲ ಕ್ಲೌಡಿನಲ್ಲಿದ್ದಾರೆ. ಸತ್ತವರು ಮಾತ್ರ ನನ್ನ ಹತ್ತಿರವೇ ಇದ್ದಾರೆ. ಕೇಳಿದವರು ನಗುತ್ತಾರೆ. ನಗಲಿ, ನನಗೇನು? ನಾನು ಎರಡನ್ನೂ ತೂಗಿ ನೋಡಿಯೇ ಈ ತೀರ್ಮಾನಕ್ಕೆ ಬಂದವಳು, ಆ ತೂಗಾಟದಲ್ಲಿ ನನ್ನ ಅಕ್ಕನ ಜೀವ ಹಿಂಡಿ ಹಿಪ್ಪೆ ಮಾಡಿದವಳೂ ಹೌದು.

ನಮ್ಮದು ಗಂಡು ಹೆಣ್ಣು ಹೊಂದಿಸುವ ಕೆಲಸ. ಕುಂದಾಪುರದಲ್ಲಿ ಬಸ್ರೂರು ರಸ್ತೆಯ ಒಂದು ಮಹಡಿಯಲ್ಲಿ ಅಪ್ಪಯ್ಯ ಶುರು ಮಾಡಿದ್ದು, ಅವರ ನಂತರ ನಾನು ನಡೆಸಿದ್ದು. ಜಾತಕಗಳನ್ನು ಇಡಲು ಅಲ್ಲಿ ಎರಡು ಕಪಾಟುಗಳಿದ್ದವು. ಬದುಕಿರುವವರ ಜಾತಕ ಮೂಡು ಗೋಡೆಯ ಕಪಾಟಿನಲ್ಲಿ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿಕೊಂಡು. ಸತ್ತವರದ್ದು ತೆಂಕು ಗೋಡೆಯ ಕಪಾಟಿನಲ್ಲಿ, ಅರಿಸಿನವಿಲ್ಲದೆ. ಸತ್ತವರಿಗೆಂಥ ಜಾತಕ ಎಂದು ಘಟ್ಟದ ಮೇಲಿನವರು ಕೇಳಿಯಾರು. ನಮ್ಮ ಕಡೆ ಎಳವೆಯಲ್ಲಿ ಹೋದ ಮಕ್ಕಳು ಹೋದಲ್ಲಿಗೇ ನಿಲ್ಲುವುದಿಲ್ಲ. ಮನೆಯ ಉಳಿದ ಮಕ್ಕಳ ಜೊತೆ ಅವರೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಆಮೇಲೆ ಮದುವೆ ಮಾಡಿ ಎಂದು ಕಾಡುತ್ತಾರೆ. ಆಗ ಸತ್ತ ಹೆಣ್ಣಿಗೆ ಸತ್ತ ಗಂಡನ್ನು ಹುಡುಕಿ ಪ್ರೇತ ಮದುವೆ ಮಾಡಬೇಕು.

ಆ ಮಾತುಕತೆಯಲ್ಲಿ ಒಂದು ಕ್ರಮವಿದೆ. ‘ಸತ್ತ’ ಎಂಬ ಶಬ್ದವನ್ನು ಯಾರೂ ಆಡುವುದಿಲ್ಲ. ‘ನಮ್ಮ ಗಂಡಿಗೆ ಈಗ ಮೂವತ್ತು, ಸ್ವಲ್ಪ ಕಪ್ಪು, ಮಾತು ಕಡಿಮೆ’ ಎಂದೇ ಹೇಳುತ್ತಾರೆ. ಕೇಳುವವರೂ ‘ಹೌದಾ, ನಮ್ಮ ಹೆಣ್ಣಿಗೂ ಮಾತು ಕಡಿಮೆಯೇ’ ಎನ್ನುತ್ತಾರೆ. ಅಪ್ಪಯ್ಯ ಆ ಶಬ್ದವನ್ನು ಬರೆಯಲೂ ಬಿಡುತ್ತಿರಲಿಲ್ಲ. ಯಾವ ಕಪಾಟಿನಲ್ಲಿದೆ ಎನ್ನುವುದೇ ಗುರುತು. ಬೇರೆ ಗುರುತೇ ಬೇಕಿರಲಿಲ್ಲ.

ತೆಂಕು ಕಪಾಟಿನಲ್ಲಿ ಒಂದು ಜಾತಕ ನಮ್ಮ ಮನೆಯದೇ. ಬ್ರಹ್ಮಾವರಕ್ಕೆ ಕೊಟ್ಟ ನನ್ನ ಅಕ್ಕನ ಮೊದಲ ಮಗಳದ್ದು. ಎಪ್ಪತ್ತೊಂಬತ್ತರ ಜನವರಿ ಕೊನೆಗೆ ಹುಟ್ಟಿದ ಮಗು. ಹನ್ನೊಂದು ತಿಂಗಳು ತುಂಬಿ ನಾಲ್ಕೈದು ದಿನವಾಗಿತ್ತು. ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ, ಜ್ವರ ಇಳಿಯಿತೆಂದು ಅಕ್ಕ ಹಣೆ ಮುಟ್ಟಿ ನೋಡಿದರೆ ಮಗುವೇ ತಣ್ಣಗಾಗಿತ್ತು. ಅಕ್ಕ ಆಮೇಲೆ ಅದರ ಬಗ್ಗೆ ಅತ್ತದ್ದನ್ನು ನಾನು ನೋಡಿಲ್ಲ. ಅದನ್ನು ಬೆಳೆಸಿದ್ದನ್ನು ನೋಡಿದ್ದೇನೆ.

ಆಫೀಸಿಗೆ ಕಂಪ್ಯೂಟರ್ ಬಂದದ್ದು ತೊಂಬತ್ತೆಂಟರಲ್ಲಿ. ಕೆಲವು ವರ್ಷ ಕಳೆದು ಮುಂಬಯಿಯ ಹೋಟೆಲಿನವರು, ಗಲ್ಫಿನವರು ಎಲ್ಲ ಕೂತಲ್ಲೇ ಹೆಣ್ಣು ಹುಡುಕಬೇಕು ಎನ್ನತೊಡಗಿದಾಗ ವೆಬ್‌ಸೈಟೂ ಆಯಿತು. ಅದನ್ನು ಓಡಿಸಲು ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇಟ್ಟೆವು. ಹಗಲು ರಾತ್ರಿ ಆರಿಸಬಾರದ ಒಂದು ಕಪ್ಪು ಡಬ್ಬಿ, ಅಷ್ಟೆ. ಕೂರಿಸಿಕೊಟ್ಟವರು ಬೈಂದೂರಿನ ಕಂಪ್ಯೂಟರ್ ರಿಪೇರಿಯವರು, ಐವತ್ತು ದಾಟಿದ ಮನುಷ್ಯ, ಬೇಸಿಗೆಯಲ್ಲೂ ತಲೆಗೆ ಮಫ್ಲರ್. ಅದರೊಳಗೆ ಎರಡು ಡಿಸ್ಕ್ ಹಾಕಿಸಿದೆ. ಒಂದರಲ್ಲಿ ಬದುಕಿರುವವರು, ಅದು ಸೈಟಿಗೆ ಕಾಣುತ್ತದೆ. ಇನ್ನೊಂದರಲ್ಲಿ ಉಳಿದವರು, ಅದು ಸೈಟಿಗೆ ಕಾಣುವುದಿಲ್ಲ. ಅಪ್ಪಯ್ಯನ ಎರಡು ಕಪಾಟನ್ನೇ ನಾನು ಡಬ್ಬಿಯೊಳಗೆ ಕಟ್ಟಿದ್ದೆ. ಎರಡನೆಯದರಲ್ಲೂ ಆ ಶಬ್ದವನ್ನು ಎಲ್ಲಿಯೂ ಟೈಪ್ ಮಾಡಲಿಲ್ಲ. ಎಂಥ ಬುದ್ಧಿವಂತೆ ನಾನು, ಅಲ್ಲವೇ!

ಪ್ರತಿ ವರ್ಷ ಆಸಾಡಿ ತಿಂಗಳಲ್ಲಿ, ಪ್ರೇತ ಮದುವೆಗಳು ನಡೆಯುವ ಆಷಾಢದಲ್ಲಿ, ಅಕ್ಕ ಬರುತ್ತಿದ್ದಳು. ಮಳೆಯಲ್ಲಿ ನೆನೆದ ಕೊಡೆಯನ್ನು ಬಾಗಿಲಿಗೆ ಒರಗಿಸಿ, ಸೀದಾ ಹಿಂದಿನ ಕೋಣೆಗೆ ಹೋಗಿ ಸರ್ವರಿನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದಳು. ಡಬ್ಬಿಯ ತಲೆಯ ಮೇಲೆ ಅಂಗೈ ಇಟ್ಟು, "ಬಿಸಿ ಇತ್ತ್", ಬಿಸಿಯಿದೆ, ಎನ್ನುತ್ತಿದ್ದಳು.

"ಮೆಷಿನ್ ಅಲ್ದಾ ಅಕ್ಕ, ಬಿಸಿ ಇರ್ದೆ ಎಂತ ಆತ್ತ್?" ಎಂದು ನಾನು ರೇಗುತ್ತಿದ್ದೆ.

"ಇರ್ಲಿ ಹೆಣೆ. ನೀ ಅವ್ಳದ್ದ್ ತೆಗಿ ಕಾಂಬ."

ನನ್ನನ್ನು ಅವಳು ಹೆಣೆ, ಅಂದರೆ ಹೆಣ್ಣೇ, ಎಂದೇ ಕರೆಯುತ್ತಿದ್ದುದು. ಮಗಳ ಜಾತಕ ತೆಗೆದು ತೋರಿಸಬೇಕು. ವಯಸ್ಸನ್ನು ಕಂಪ್ಯೂಟರೇ ಹುಟ್ಟಿದ ದಿನದಿಂದ ಇವತ್ತಿನ ತಾರೀಕಿಗೆ ಲೆಕ್ಕ ಹಾಕಿ ತೋರಿಸುತ್ತಿತ್ತು. ಉಳಿದದ್ದನ್ನು ಅಕ್ಕ ಬರೆಸುತ್ತಿದ್ದಳು. ಬೇರೆ ಮನೆಯವರು ಸತ್ತ ಮಕ್ಕಳ ಹೆಸರು, ನಕ್ಷತ್ರ ಕೊಟ್ಟು ಸುಮ್ಮನಾಗುತ್ತಿದ್ದರು. ಅಕ್ಕ ಹಾಗಲ್ಲ. ಒಂದು ವರ್ಷ ಎತ್ತರ ಬರೆಸಿದಳು, ಐದು ಅಡಿ ಮೂರು ಇಂಚು. "ನಮ್ಮನಿ ಹೆಣ್ಮಕ್ಕಳ್ ಅಷ್ಟೇ ಅಲ್ದಾ" ಎಂದಳು. ಇನ್ನೊಂದು ವರ್ಷ ಬಿ.ಕಾಂ. ಬರೆಸಿದಳು. ಮತ್ತೊಂದು ಸಲ ಅಡುಗೆ ಬರುತ್ತದೆ ಎಂದು ಹಾಕಿಸಿ, ಬಸ್ಸು ಹತ್ತಲು ಹೋದವಳು ತಿರುಗಿ ಬಂದು, "ಮೀನ್ ತಿಂಬುದಿಲ್ಲ ಅಂದೇಳಿ ಹಾಕ್. ಸಣ್ಣ ಮಗು ಇದ್ದಾಗ ವಾಸನಿಗೇ ಮುಖ ತಿರ್ಗಿಸ್ತಿತ್" ಎಂದಳು. ಅದನ್ನೂ ಹಾಕಿದೆ.

ಇದೆಲ್ಲ ಅಕ್ಕನ ಸಮಾಧಾನಕ್ಕೆ ಎಂದು ಬಿಟ್ಟುಬಿಡಬಹುದಿತ್ತು, ಅವಳ ಎರಡನೇ ಮಗಳಿಲ್ಲದಿದ್ದರೆ. ಅವಳು ಮಣಿಪಾಲದಲ್ಲಿ ಕೆಲಸಕ್ಕಿದ್ದಳು. ಜೊತೆಯಲ್ಲೇ ಕೆಲಸ ಮಾಡುವ ಒಬ್ಬ ಒಳ್ಳೆಯ ಹುಡುಗನನ್ನು ಒಪ್ಪಿದ್ದಳು, ಅವನ ಮನೆಯವರೂ ಒಪ್ಪಿದ್ದರು. ಅಕ್ಕ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ದೊಡ್ಡವಳದ್ದು ಮೊದಲು ಆಗಬೇಕು ಎಂದು ಬಂದಿತ್ತು. ದೊಡ್ಡವಳನ್ನು ದಾಟಿ ಚಿಕ್ಕವಳಿಗೆ ಮಾಡಿದರೆ ಚಿಕ್ಕವಳೂ ಉಳಿಯುವುದಿಲ್ಲ ಎಂಬ ಹೆದರಿಕೆ ಅಕ್ಕನ ಎದೆಯಲ್ಲಿ ಬೇರು ಬಿಟ್ಟಿತು. ಹಾಗಾಗಿ ಐದು ವರ್ಷ, ಐದು ಆಸಾಡಿ, ಆ ಹುಡುಗ ಕಾದ. ಎರಡನೇ ಡಿಸ್ಕಿನಲ್ಲಿ ಹೊಂದುವ ಗಂಡು ಸಿಗಲಿಲ್ಲ. ಚಿಕ್ಕವಳಿಗೆ ಇಪ್ಪತ್ತೇಳು ದಾಟಿತು. ಒಂದು ದಿನ ಅವಳು ನನಗೆ ಫೋನ್ ಮಾಡಿ, "ಚಿಕ್ಕೀ, ಅವ್ರ ಮನಿಯವ್ರ್ ಇನ್ನ್ ಕಾಯುದಿಲ್ಲ ಅಂಬ್ರ್. ಈ ವರ್ಷವೇ ಕಡಿ" ಎಂದಳು. ಅವಳ ದನಿ ಒಣಗಿತ್ತು.

ಅದೇ ವರ್ಷ ಸರ್ವರ್ ನನ್ನ ಪ್ರಾಣ ತಿಂದಿತು. ಮಳೆ ಶುರುವಾಗುವ ಮುಂಚಿನ ಸಿಡಿಲಿಗೆ ಮೋಡೆಮ್ ಸುಟ್ಟಿತು. ಕಡಲ ಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಕೀಂ ಕೀಂ ಎಂದು ಬಡಿದುಕೊಳ್ಳುವುದು, ನಾನು ಊಟ ಬಿಟ್ಟು ಓಡುವುದು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೆ ಇರುವೆಗಳು ಮೊಟ್ಟೆ ಇಟ್ಟು ಸಂಸಾರ ಹೂಡಿದ್ದವು. ಬೈಂದೂರಿನವರು ಬ್ರಶ್ಶಿನಲ್ಲಿ ಗುಡಿಸುತ್ತಾ ಹೇಳಿದರು:

"ಹ್ವಾಯ್ ಮೇಡಮ್, ಈ ಡಬ್ಬಿ ಕಟ್ಕಂಡ್ ಎಷ್ಟ್ ದಿನ ಒದ್ದಾಡ್ತ್ರಿ? ಕ್ಲೌಡಿಗ್ ಹಾಕಿ. ಸಿಡ್ಲಿಲ್ಲ, ಇರುವಿ ಇಲ್ಲ, ಕರೆಂಟ್ ಹೋಪ್ದಿಲ್ಲ."

"ಹಾಕಿದ್ರೆ ಇದೆಲ್ಲ ಎಲ್ಲ್ ಇರ್ತ್ ಮಾರ್ರೆ?"

"ಅದ್ ನಮ್ಗೆಂತಕೆ? ಎಲ್ಲೋ ದೊಡ್ಡ ಕಟ್ಟಡ, ಸಾವಿರಗಟ್ಲೆ ಮೆಷಿನ್. ನಮ್ದನ್ನ ಮೂರ್ ಕಾಪಿ ಮಾಡಿ ಮೂರ್ ಕಡೆ ಇಡ್ತ್ರ್. ಒಂದ್ ಸುಟ್ರೂ ಇನ್ನೆರಡ್ ಇತ್ತಲೆ."

ನಾನು ವಾರವಿಡೀ ತಲೆ ಕೆಡಿಸಿಕೊಂಡೆ. ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಗೆರೆ ಎಳೆದು ಆಚೆ ಈಚೆ ಬರೆದೆ. ಮನೆಯ ಮೆಷಿನ್ ಕೆಟ್ಟರೆ ಕಣ್ಣೆದುರೇ ಕೆಡುತ್ತದೆ, ಬೈದು ಬಡಿದು ಸರಿಮಾಡಬಹುದು. ಆದರೆ ಒಂದು ದೊಡ್ಡ ಸಿಡಿಲು ಸಾಕು, ಎಲ್ಲ ಭಸ್ಮ. ಅಲ್ಲಿ ಭಸ್ಮವಾಗುವುದಿಲ್ಲ. ಆದರೆ ಅಲ್ಲಿ ಯಾರು ಮುಟ್ಟುತ್ತಾರೆ, ಯಾರು ನೋಡುತ್ತಾರೆ, ಅಳಿಸು ಎಂದರೆ ನಿಜವಾಗಿ ಅಳಿಸುತ್ತಾರೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಅದನ್ನೂ ಬರೆದೆ. ಕೊನೆಗೆ ಯುಪಿಎಸ್ ಮತ್ತೆ ಕಿರುಚಿತು, ಹಾಳಾಗಿ ಹೋಗಲಿ ಎಂದು ಒಪ್ಪಿಬಿಟ್ಟೆ. "ಒಂದೂ ಬಿಡೂಕಾಗ. ಎಲ್ಲ ಹಾಕಿ" ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅವರು ಎಲ್ಲವನ್ನೂ ಹಾಕಿದರು. ಎರಡು ಡಿಸ್ಕನ್ನೂ ಒಟ್ಟಿಗೆ ಸೇರಿಸಿ ಹಾಕಿದರು. ತಪ್ಪು ಅವರದ್ದಲ್ಲ. ಅಲ್ಲಿ ತೆಂಕು ಗೋಡೆ ಇಲ್ಲ, ಮೂಡು ಗೋಡೆ ಇಲ್ಲ ಎನ್ನುವುದು ನನಗೇ ಹೊಳೆಯಲಿಲ್ಲ.

ಡಬ್ಬಿಯನ್ನು ಆರಿಸಿ ಮೇಜಿನ ಕೆಳಗೆ ತಳ್ಳಿದೆ. ಕೋಣೆ ಎಷ್ಟು ಸದ್ದಿಲ್ಲದಂತಾಯಿತೆಂದರೆ ಮೊದಲ ಎರಡು ದಿನ ನನಗೆ ಕಿವಿ ಕೇಳಿಸುತ್ತಿದೆಯೋ ಇಲ್ಲವೋ ಎಂದು ಅನುಮಾನ ಬಂತು.

ಆಸಾಡಿಯಲ್ಲಿ ಅಕ್ಕ ಬಂದಳು. ಸ್ಟೂಲಿನಲ್ಲಿ ಕೂತು, ಬಗ್ಗಿ, ಡಬ್ಬಿಯ ಮೇಲೆ ಕೈ ಇಟ್ಟಳು. ಆ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ತಣ್ಣಗಾಯಿತ್ತಲೆ ಹೆಣೆ!"

ಇಲ್ಲಿಲ್ಲ, ಬೇರೆ ಕಡೆ ಜೋಪಾನವಾಗಿದೆ ಎಂದೆ. ಯಾವ ಊರಿನಲ್ಲಿ ಎಂದು ಕೇಳಿದಳು. ಗೊತ್ತಿಲ್ಲ, ಮೂರು ಕಡೆ ಇದೆ ಎಂದೆ.

"ಮೂರ್ ಕಡಿ ಹ್ಯಾಂಗ್ ಇರ್ತ್ ಅವ್ಳ್? ಹೆಣ್ಣ್ ಕೇಂಬುಕ್ ಬಂದವ್ರ್ ಯಾವ ಮನಿಗ್ ಹೋಯ್ಕ್?"

"ಅಕ್ಕ, ತಲಿ ತಿನ್ಬ್ಯಾಡ ಮಾರಾಯ್ತಿ" ಎಂದು ಚಹಾ ತರಿಸಿದೆ. ಅವಳು ಕುಡಿಯಲಿಲ್ಲ.

ಮೂರು ವಾರದ ನಂತರ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಫೋನು. ಅಷ್ಟು ಖುಷಿಯ ದನಿಯನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. "ಹೆಣೆ, ದೊಡ್ಡವ್ಳಿಗ್ ಗಂಡ್ ಸಿಕ್ತ್! ಬಿಜೂರಿನವ್ರ್. ನಿನ್ನ್ ಸೈಟಂಗೇ ಕಂಡದ್ದ್ ಅಂಬ್ರ್. ನಾ ಅವ್ರತ್ರ ಕಾಲ್ ಗಂಟಿ ಮಾತಾಡ್ದೆ. ಆ ಗಂಡಿಗೂ ಮಾತ್ ಕಡ್ಮಿ ಅಂಬ್ರ್. ಇವತ್ತೇ ಮೂರ್ ಗಂಟಿಗ್ ಬತ್ರ್. ನೀನೂ ಬಾ." ಫೋನ್ ಇಟ್ಟೇಬಿಟ್ಟಳು.

ನನ್ನ ಸೈಟಿನಲ್ಲಿ? ತೆಗೆದು ನೋಡಿದೆ. ಇದ್ದಳು. ತ್ರಾಸಿಯ ಒಬ್ಬ ಟೀಚರಿಗೂ ಕೋಟದ ಒಬ್ಬ ನರ್ಸಿಗೂ ನಡುವೆ, ಫೋಟೋ ಇಲ್ಲದೆ, ಅಕ್ಕನ ಫೋನ್ ನಂಬರಿನೊಂದಿಗೆ. ವಯಸ್ಸು ಮೂವತ್ತೊಂದು, ಎತ್ತರ ಐದು ಮೂರು, ಬಿ.ಕಾಂ., ಅಡುಗೆ ಬರುತ್ತದೆ, ಅವಿವಾಹಿತೆ. ಉಳಿದ ಸತ್ತವರು ಕಾಣಲಿಲ್ಲ, ಏಕೆಂದರೆ ಅರ್ಧಂಬರ್ಧ ತುಂಬಿದ್ದನ್ನು ಸೈಟು ತೋರಿಸುತ್ತಿರಲಿಲ್ಲ. ಅಕ್ಕ ಮಾತ್ರ ಮಗಳನ್ನು ಪೂರ್ತಿ ತುಂಬಿದ್ದಳು. ಬಿಜೂರಿನವರು ಬದುಕಿರುವ ಹೆಣ್ಣನ್ನು ಕೇಳಿ ಫೋನ್ ಮಾಡಿದ್ದರು. ಅಕ್ಕ ಅವರ ಗಂಡೂ ಸತ್ತವನೇ ಎಂದುಕೊಂಡಿದ್ದಳು. ಕಾಲು ಗಂಟೆ ಮಾತಾಡಿದರೂ ಇಬ್ಬರಿಗೂ ಗೊತ್ತಾಗಿರಲಿಲ್ಲ. ಎರಡು ಥರದ ಮದುವೆಗೂ ನಮ್ಮಲ್ಲಿ ಮಾತು ಒಂದೇ.

ಅಕ್ಕ ಆಮೇಲೆ ಫೋನ್ ಎತ್ತಲೇ ಇಲ್ಲ. ಸಿಕ್ಕಿದ ಬಸ್ಸು ಹತ್ತಿದೆ. ಬ್ರಹ್ಮಾವರದಲ್ಲಿ ಇಳಿದು ಅವಳ ಮನೆಗೆ ಓಡುವಾಗ ಮೂರಕ್ಕೆ ಐದು ನಿಮಿಷ. ಚಾವಡಿಯ ನಡುವೆ ಒಂದು ಮಣೆ. ಮಣೆಯ ಮೇಲೆ ಮಡಿಸಿಟ್ಟ ಹಸಿರು ಸೀರೆ, ಅದರ ಮೇಲೆ ಮಲ್ಲಿಗೆ, ಗಾಜಿನ ಬಳೆ, ಜೊತೆಗೆ ಬೆರಳಿನಷ್ಟು ಸಣ್ಣ ಎರಡು ಬೆಳ್ಳಿ ಕಾಲ್ಗೆಜ್ಜೆ. ಚಿಕ್ಕವಳು ಒಳಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಉರಿಯುತ್ತಿತ್ತು, ಆಸೆಯೋ ಸಿಟ್ಟೋ ತಿಳಿಯಲಿಲ್ಲ. ಅಕ್ಕನನ್ನು ಬದಿಗೆ ಎಳೆದು ಹೇಳಬೇಕು ಎನ್ನುವಷ್ಟರಲ್ಲಿ ಗೇಟಿನ ಸದ್ದಾಯಿತು.

ನನ್ನ ಪ್ರಾಯದ ಒಬ್ಬ ಹೆಂಗಸು. ಜೊತೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಗಂಡಸು, ಮೂವತ್ತೈದರ ಆಸುಪಾಸು. ಅಕ್ಕ ಕೈಮುಗಿದು, "ಬನ್ನಿ ಬನ್ನಿ. ಇವ್ರ್ ಯಾರ್, ಗಂಡಿನ ತಮ್ಮನಾ?" ಎಂದಳು.

ಹೆಂಗಸು ನಕ್ಕರು. "ಗಂಡೇ ಇವ, ನನ್ನ್ ಮಗ."

ಅಕ್ಕ ಮೆಟ್ಟಿಲಿನ ಮೇಲೆ ಕಲ್ಲಾದಳು. ಅವಳ ಲೆಕ್ಕದಲ್ಲಿ ಹೆಣವೊಂದು ಅಂಗಳ ದಾಟಿ ಬಂದು ಚಪ್ಪಲಿ ಬಿಡುತ್ತಿತ್ತು. ನಿಧಾನವಾಗಿ ಎರಡು ಮೆಟ್ಟಿಲು ಇಳಿದು ಹೋಗಿ, ಅವನ ಮಣಿಕಟ್ಟನ್ನು ಹಿಡಿದಳು. ಬಹಳ ಹೊತ್ತು ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಿಸಿ ಇತ್ತ್ ಹೆಣೆ. ಕೈ ಬಿಸಿ ಇತ್ತ್."

ಆ ತಾಯಿ ಚಾವಡಿಯೊಳಗೆ ಕಣ್ಣು ಹಾಯಿಸಿ, "ಹೆಣ್ಣ್ ಎಲ್ಲಿತ್ತ್?" ಎಂದು ಕೇಳಿದರು. ಅಕ್ಕ ಮಣೆಯನ್ನು ತೋರಿಸಿದಳು.

"ಅಲ್ಲೇ ಕೂತ್ಕಂಡಿತ್ತಲೆ."

ನಾನು ಹೇಳಲೇಬೇಕಾಯಿತು. ನನ್ನ ಬಾಯಿಂದ ಆ ಶಬ್ದ ಹೊರಟದ್ದು ಅದೇ ಮೊದಲು. ಸತ್ತ ಮಗು, ನನ್ನ ತಪ್ಪು, ಸೈಟಿಗೆ ಹೋಗಬಾರದಿತ್ತು ಎಂದೆಲ್ಲ ತೊದಲಿದೆ. ಆ ತಾಯಿಯ ಮುಖ ಸುಣ್ಣದ ಹಾಗಾಯಿತು. ಮಗನ ತೋಳು ಹಿಡಿದು ದರದರ ಎಳೆದರು. ಅವರನ್ನು ದೂರಲಾರೆ, ನನ್ನ ಮಗನಾಗಿದ್ದರೆ ನಾನೂ ಹಾಗೆಯೇ ಎಳೆಯುತ್ತಿದ್ದೆ. ಅವನು ಮಾತ್ರ ಒಂದು ಕ್ಷಣ ನಿಂತು ಆ ಕಾಲ್ಗೆಜ್ಜೆಗಳನ್ನು ನೋಡಿದ. "ಎಷ್ಟ್ ಪ್ರಾಯ ಆಗಿತ್ತ್?" ಎಂದು ಕೇಳಿದ.

"ಮೂವತ್ತೊಂದ್" ಎಂದಳು ಅಕ್ಕ.

ಗೇಟು ತೆರೆದೇ ಉಳಿಯಿತು. ಚಿಕ್ಕವಳು ಬಂದು ಮಣೆಯ ಮುಂದೆ ಕೂತು, ಸೀರೆಯನ್ನು ನೋಡುತ್ತಾ, "ಅಮ್ಮ, ಇವ್ಳ್ ನನ್ನ್ ಬಿಡ್ತಿಲ್ಲ ಅಲ್ದಾ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಎರಡು ಡಿಸ್ಕನ್ನು ಬೇರೆ ಇಡಲಾರದವಳು ಊರ ಮದುವೆ ಮಾಡಿಸಲು ಹೊರಟಿದ್ದೆ. ಅಕ್ಕ ಮಲ್ಲಿಗೆಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಒಂದೇ ಮಾತು ಹೇಳಿದಳು: "ಅವ್ಳನ್ನ ಅಲ್ಲಿಂದ ತಕಂಡ್ ಬಾ. ಕಂಡವ್ರ್ ಮನಿಯಂಗ್ ಇಪ್ಪುದ್ ಬ್ಯಾಡ."

ಮರುದಿನವೇ ಬೈಂದೂರಿನವರನ್ನು ಕರೆಸಿ ಅಳಿಸಿದೆ. ಇನ್ನು ಮೂರು ಕಡೆಯೂ ಇಲ್ಲವಷ್ಟೇ ಎಂದು ಕೇಳಿದರೆ ಅವರು ಮಫ್ಲರಿನೊಳಗೆ ತಲೆ ತುರಿಸಿಕೊಂಡರು. "ಸೈಟಂಗೆ ಕಾಂಬುದಿಲ್ಲ ಮೇಡಮ್. ಹಳಿ ಕಾಪಿ ಅವ್ರ್ ಎಲ್ಲ್ ಇಟ್ಕಂಡಿರ್ತ್ರೋ, ಎಷ್ಟ್ ದಿನ ಇಟ್ಕಂತ್ರೋ, ನಂಗೂ ಗೊತ್ತಿಲ್ಲ." ಹಾಗಾದರೆ ಎಲ್ಲೋ ಒಂದು ಕಡೆ, ಹೆಸರು ಗೊತ್ತಿಲ್ಲದ ಊರಿನ ದೊಡ್ಡ ಕಟ್ಟಡದಲ್ಲಿ, ಅವಳು ಇನ್ನೂ ಇದ್ದಾಳೆ, ವರ್ಷ ವರ್ಷ ಬೆಳೆಯುತ್ತಿದ್ದಾಳೆ. ಉಳಿದ ಸತ್ತವರನ್ನೂ ಅಳಿಸಿಸಿದೆ. ಹಳೆಯ ಡಬ್ಬಿಯನ್ನು ಮೇಜಿನ ಕೆಳಗಿಂದ ಎಳೆದು, ಧೂಳು ಒರೆಸಿ, ಅಪ್ಪಯ್ಯನ ತೆಂಕು ಕಪಾಟಿನ ಕೆಳಗಿನ ಅರೆಯಲ್ಲಿ ಕೂರಿಸಿದೆ. ಇಂಟರ್ನೆಟ್ಟಿನ ತಂತಿ ಕೊಡಲಿಲ್ಲ.

ಮುಂದಿನ ಭಾನುವಾರ ಅಕ್ಕನೂ ಚಿಕ್ಕವಳೂ ಬಂದರು. ನಡು ಮಧ್ಯಾಹ್ನ, ಹೊರಗೆ ಬಿಸಿಲು ಮಳೆ ಎರಡೂ. ಡಬ್ಬಿಯ ಗುಂಡಿ ಒತ್ತಿದೆ. ಫ್ಯಾನು ಕೆಮ್ಮಿತು, ನಿಂತಿತು, ಮತ್ತೆ ತಿರುಗಿತು. ಪರದೆಯ ಮೇಲೆ ಏನೋ ತಕರಾರು ಬಂತು. ಒಳಗಿನ ನಾಣ್ಯದಷ್ಟು ಸಣ್ಣ ಬ್ಯಾಟರಿ ಸತ್ತಿದೆ, ಗಡಿಯಾರ ಹಿಂದೆ ಹೋಗಿರುತ್ತದೆ, ಮುಂದುವರಿಸಿ ಎಂದು ಬೈಂದೂರಿನವರು ಮೊದಲೇ ಹೇಳಿದ್ದರು. ಮುಂದುವರಿಸಿದೆ. ಅವಳ ಜಾತಕ ತೆಗೆದೆ.

ವಯಸ್ಸಿನ ಜಾಗದಲ್ಲಿ ಹೀಗಿತ್ತು: ೦ ವರ್ಷ, ೧೧ ತಿಂಗಳು.

ಪರದೆಯ ಮೂಲೆಯ ತಾರೀಕು ನೋಡಿದೆ. ಸಾವಿರದ ಒಂಬೈನೂರ ಎಂಬತ್ತು, ಜನವರಿ ಒಂದು. ಮಗು ಹೋದ ಅದೇ ದಿನ. ಅಯ್ಯೋ ದೇವರೇ ಎಂಬ ಶಬ್ದ ನನ್ನ ಬಾಯಿಂದ ತಾನಾಗಿ ಬಂತು. ಆಮೇಲೆ ವಿಚಾರಿಸಿದಾಗ ಬೈಂದೂರಿನವರು ನಕ್ಕರು. ಬ್ಯಾಟರಿ ಹೋದರೆ ಇಂಥ ಮೆಷಿನ್ನುಗಳೆಷ್ಟೋ ಹಿಂದೆ ಹೋಗಿ ನಿಲ್ಲುವುದು ಅದೇ ದಿನಕ್ಕೆ, ಮಾಡಿದವರು ಇಟ್ಟದ್ದೇ ಹಾಗೆ ಎಂದರು. ಇರಬಹುದು. ಆ ಹೊತ್ತಿಗೆ ನನಗದು ಗೊತ್ತಿರಲಿಲ್ಲ.

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು. ಡಬ್ಬಿಯ ಮೇಲೆ ಅಂಗೈ ಇಟ್ಟಳು. ಅದು ಆಗಷ್ಟೇ ಬಿಸಿಯಾಗತೊಡಗಿತ್ತು. ನಾನು ತಾರೀಕು ಸರಿಮಾಡಲು ಹೊರಟೆ, ಅವಳು ನನ್ನ ಕೈ ಹಿಡಿದಳು.

"ಬ್ಯಾಡ. ಹಾಂಗೇ ಇರ್ಲಿ. ಆ ಎತ್ತರ ಅಳ್ಸ್. ಓದು ಅಳ್ಸ್."

ಒಂದೊಂದಾಗಿ ಅಳಿಸಿದೆ. ಐದು ಅಡಿ ಮೂರು ಇಂಚು ಹೋಯಿತು, ಬಿ.ಕಾಂ. ಹೋಯಿತು, ಅಡುಗೆ ಹೋಯಿತು. ಮೀನು ತಿನ್ನುವುದಿಲ್ಲ ಎನ್ನುವುದು ಮಾತ್ರ ಇರಲಿ ಎಂದಳು, ಅದೊಂದು ಅವಳು ಕಣ್ಣಾರೆ ಕಂಡದ್ದು. ಆಮೇಲೆ ಎರಡು ಕೈಗಳನ್ನೂ ಎತ್ತಿ, ಒಂದೂವರೆ ಮೊಳದಷ್ಟು ಅಂತರ ಹಿಡಿದು, ಅದನ್ನೇ ನೋಡುತ್ತಾ ಕೂತಳು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಅವಳು ಅಳುವುದನ್ನು ಕಂಡೆ. ಆ ಕೈಗಳನ್ನು ಹಾಗೆಯೇ ಹಿಡಿದುಕೊಂಡು ಚಿಕ್ಕವಳ ಕಡೆ ತಿರುಗಿದಳು.

"ಕಾಣ್ ಮಗಾ, ಇಷ್ಟೇ ಉದ್ದ. ನಡಿಯೂಕೂ ಬತ್ತಿರ್ಲಿಲ್ಲ. ನಿನ್ನ್ ದಾರಿಗ್ ಅಡ್ಡ ನಿಂತ್ಕಂಬ್ದ್ ಹ್ಯಾಂಗೆ ಇವ್ಳ್? ನೀ ಒಪ್ಪಿದ ಗಂಡಿನ ಮನಿಯವ್ರಿಗ್ ಬಪ್ಪುಕ್ ಹೇಳ್."